ಹತ್ತೊಂಬತ್ತನೇ ಅಧ್ಯಾಯದ ಚಳಿ

ವಿನೋಬನಗರ, ದಾವಣಗೆರೆ
ಗುರುವಾರ, ೧೪ ಮಾರ್ಚ್ ೨೦೨೪, ಮಧ್ಯಾಹ್ನ

ಪ್ರೀತಿಯ ಬಕ್ಕೇಶ್ ಅವರಿಗೆ,

ಬಾಯಿಬಿಟ್ಟು ಎಂದೂ ಕರೆಯದ ನಿಮ್ಮ ಹೆಸರನ್ನು ಕಾಗದದ ಮೇಲಾದರೂ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಬಾಣಂತಿ ಕೆಮ್ಮಿದರೂ ಮೂರು ಜನ ಬಂದು ನಿಲ್ಲುತ್ತಾರೆ. ಅವ್ವ ಭಾನುವಾರದ ತೊಟ್ಟಿಲ ಶಾಸ್ತ್ರಕ್ಕೆ ಸೀರೆ ತರಲು ಪೇಟೆಗೆ ಹೋಗಿದ್ದಾಳೆ. ಕರೀಂ ಸಾಬ್ ಐದು ಗಂಟೆಗೆ ಆಟೊ ತೆಗೆದುಕೊಂಡು ಹರಿಹರಕ್ಕೆ ವಾಪಸ್ ಹೊರಡುತ್ತಾರೆ. ನಿಮ್ಮ ಕಾದಂಬರಿಯ ಹಾಳೆಗಳನ್ನು ತಂದುಕೊಟ್ಟ ಕೈಯಲ್ಲೇ ಇದನ್ನೂ ಕಳಿಸುತ್ತೇನೆ.

ಮಗು ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣಿಸುತ್ತಿರಬೇಕು. ಮೂರು ದಿನದಿಂದ ನಿದ್ದೆಯಿಲ್ಲ. ಮಗು ಮಲಗಿದರೂ ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ.

ಕಾರಣ ನಿಮ್ಮ ಹತ್ತೊಂಬತ್ತನೇ ಅಧ್ಯಾಯ.

"ಬಾಣಂತಿ ಕಣ್ಣು ಅವು, ಓದಬ್ಯಾಡ. ಮುಂದೆ ಸೂಜಿಗೆ ದಾರ ಪೋಣಿಸಾಕೂ ಆಗಲ್ಲ ನೋಡು" ಎಂದು ಅವ್ವ ನನ್ನ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಹಾಳೆಗಳನ್ನು ಮಗುವಿನ ಬಟ್ಟೆಗಳ ಅಡಿ ಬಚ್ಚಿಟ್ಟುಕೊಂಡು ಓದಿದೆ. ಮೊದಲ ಹದಿನೆಂಟು ಅಧ್ಯಾಯಗಳನ್ನು ಬಸುರಿಯಾಗಿದ್ದಾಗ ನಾನೇ ಟೈಪ್ ಮಾಡಿದ್ದೆನಲ್ಲ. ನಿಮ್ಮ ವಾಮದೇವಪ್ಪ ನನಗೆ ನಮ್ಮ ಮನೆಯವನೇ ಆಗಿಬಿಟ್ಟಿದ್ದ. ಮಲೆಬೆನ್ನೂರಿನ ಆ ಹುಡುಗ ನೂರು ವರ್ಷದ ಹಿಂದೆ ಯಾರದೋ ಸಾಮ್ರಾಜ್ಯಕ್ಕಾಗಿ ಹಡಗು ಹತ್ತಿ ಮರಳುಗಾಡಿನ ಬಸ್ರಾಕ್ಕೆ ಹೋದದ್ದನ್ನು ಓದಿ ಅತ್ತಿದ್ದೆ ಕೂಡ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವರು ನಿಮ್ಮ ಕಾಲದ್ದನ್ನು ಬಿಟ್ಟು ಅದನ್ನೇಕೆ ಬರೆಯುತ್ತೀರಿ ಎಂದು ಕೇಳಿದ್ದಕ್ಕೆ, "ದೂರದ್ದಾದ್ರೆ ಸರಿಯಾಗಿ ಕಾಣ್ತೈತೆ" ಅಂದಿದ್ದಿರಿ.

ಹದಿನೆಂಟನೇ ಅಧ್ಯಾಯದಲ್ಲಿ ಮೇ ತಿಂಗಳ ಬಿಸಿಲು. ಬಂದೂಕಿನ ನಳಿಗೆ ಮುಟ್ಟಲಾಗದೆ ವಾಮದೇವಪ್ಪ ಅದಕ್ಕೆ ಬಟ್ಟೆ ಸುತ್ತುತ್ತಾನೆ. ಮರುದಿನ ಬೆಳಗ್ಗೆ ಅವನು ಅಕ್ರೋಟು ಮರದ ಕೆಳಗೆ ಪಹರೆ ನಿಂತಿದ್ದಾನೆ, ಬಕೆಟ್ಟಿನ ನೀರು ಹೆಪ್ಪುಗಟ್ಟಿದೆ, ಬೆರಳು ಮರಗಟ್ಟಿದೆ! ಹಳೆಯ ಹಡಗೊಂದು ಬಂದರು ಬಿಟ್ಟ ಹೊತ್ತನ್ನೂ ಗ್ರಂಥಾಲಯದಲ್ಲಿ ಹುಡುಕಿ ಬರೆಯುವ ನಿಮಗೆ ಇಂಥ ತಪ್ಪು ಹೇಗಾಯಿತು ಎಂದು ನಕ್ಕೆ. ತಿದ್ದಲು ಪೆನ್ಸಿಲ್ ತೆಗೆದುಕೊಂಡೆ. ಮುಂದಿನ ಪುಟಕ್ಕೆ ಬಂದಾಗ ಅದನ್ನು ಕೆಳಗಿಟ್ಟೆ.

ಮಂಜಿನೊಳಗಿಂದ ಒಬ್ಬ ಹೆಂಗಸು ಶಾಲಿನಲ್ಲಿ ಏನನ್ನೋ ಅವುಚಿಕೊಂಡು ಓಡಿಬರುತ್ತಾಳೆ. ಅವನು ಮೂರು ಸಲ ನಿಲ್ಲೆಂದು ಕೂಗುತ್ತಾನೆ. ಅವಳಿಗೆ ಅವನ ಭಾಷೆ ಬಾರದು. ಗುಂಡು ಹಾರಿಸುತ್ತಾನೆ. ಶಾಲಿನಲ್ಲಿ ಇದ್ದದ್ದು ಜ್ವರದ ಕೂಸು. 'ಗುಂಡು ತಾಯಿಗೆ ತಾಗಲಿಲ್ಲ' ಎಂದಷ್ಟೇ ಬರೆದಿದ್ದೀರಿ. ಆಮೇಲೆ ಆ ತಾಯಿ ಕೂತಲ್ಲೇ ಒಂದೇ ಹೆಸರನ್ನು ಕರೆಯುತ್ತಾಳೆ. ರೂಹಿ.

ಹೋದ ವಾರ ನಮ್ಮ ಮಗಳಿಗೆ ಇಡಲು ನಿಮ್ಮ ತಂಗಿ ಬಿಂದುಗೆ ಫೋನಿನಲ್ಲಿ ನೀವು ಹೇಳಿದ ಹೆಸರೂ ಅದೇ. ಭಾನುವಾರ ಸೋದರತ್ತೆ ಅವಳೇ ಅಲ್ಲವೇ, ತೊಟ್ಟಿಲಿಗೆ ಬಗ್ಗಿ ಕುರ್ರ್ ಎಂದು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು. "ಅತ್ಗೆಮ್ಮ, ಸೀರಿಯಲ್ ಹೆಸರು ಇದ್ದಂಗೈತೆ, ಆದ್ರೂ ಚೆಂದೈತೆ ಬಿಡ್ರಿ. ಹೆಸರು ಹೇಳಿದ ಮ್ಯಾಲೆ ನನ್ನ ಬೆನ್ನಿಗೆ ಮಾತ್ರ ಮೆಲ್ಲಗೆ ಗುದ್ದಾಕೆ ಹೇಳ್ರಿ ನಿಮ್ಮ ಕಡೇರಿಗೆ" ಎಂದು ನಗಿಸಿದಳು. ನಾನೂ ನಕ್ಕೆ. ಗೊತ್ತಿರಲಿಲ್ಲವಲ್ಲ.

ಮಗು ನೋಡಲು ಬಂದ ದಿನ ಅವ್ವ ಎತ್ತಿಕೊಡಲು ಹೋದರೆ ನೀವು ಕೈ ಹಿಂದಕ್ಕೆ ಕಟ್ಟಿ ಪರೇಡಿಗೆ ನಿಂತವರ ಹಾಗೆ ನಿಂತಿರಿ. "ಬ್ಯಾಡ್ರಿ ಅತ್ತೆ, ಕೂಸಿನ ಮೈ ಬೆಚ್ಚಗೈತೆ" ಅಂದಿರಿ. ನೀವು ಹೋದಮೇಲೆ ಅವ್ವ, "ಹೆಣ್ಣು ಅಂತ ಮುಟ್ಟಲಿಲ್ಲ ನೋಡು ನಿನ್ನ ಮಿಲಿಟ್ರಿ ಗಂಡ" ಎಂದಳು. ನಾನೂ ಹತ್ತು ವಾರ ಅದನ್ನೇ ನಂಬಿದ್ದೆ. ಕ್ಷಮಿಸಿ.

ನೇರವಾಗಿ ಕೇಳುತ್ತೇನೆ. ಆ ಚಳಿ, ಆ ಮರ ಬಸ್ರಾದ್ದಲ್ಲ, ನೀವು ಸೈನ್ಯದಲ್ಲಿ ಪಹರೆ ನಿಂತ ಗಡಿಯದು. ಆ ಮರದ ಕೆಳಗೆ ನಿಂತಿದ್ದವರು ನೀವೇ ಅಲ್ಲವೇ?

ಓದಿದ ದಿನ ಹೆದರಿದೆ. ನೀವು ಹದಿನೈದು ಕಿಲೋಮೀಟರ್ ದೂರದಲ್ಲಿದ್ದರೂ ಎದ್ದು ಬಾಗಿಲ ಚಿಲಕ ಹಾಕಿದೆ. ಇದನ್ನು ಮುಚ್ಚಿಡುವುದಿಲ್ಲ. ಆಮೇಲೆ ಕೊನೆಯ ಪುಟ ಓದಿದೆ. ಸಾಹೇಬ ಅವನ ಭುಜ ತಟ್ಟಿ, ಗುಂಡು ಚಕ್ರವರ್ತಿಯದು, ನಿನ್ನದಲ್ಲ ಎನ್ನುತ್ತಾನೆ. ವಾಮದೇವಪ್ಪ ಹೋಗಿ ನಿದ್ದೆ ಮಾಡುತ್ತಾನೆ. ಹಿಮ ಬಿದ್ದ ಬಸ್ರಾವನ್ನಾದರೂ ನಂಬಬಹುದು, ಆ ನಿದ್ದೆಯನ್ನು ನಂಬಲಾರೆ. ಮದುವೆಯಾದಾಗಿನಿಂದ ನಿಮ್ಮ ಪಕ್ಕದಲ್ಲಿ ಮಲಗಿದವಳು ನಾನು. ಆ ಸಾಮ್ರಾಜ್ಯ ಮಾಡಿದ ಪಾಪ ಅದಕ್ಕೇ ಸಾಕಷ್ಟಿದೆ. ನಿಮ್ಮ ಒಂದು ಬೆಳಗನ್ನೂ ಅದರ ಹೆಗಲಿಗೆ ಹಾಕಬೇಡಿ.

ಏನೂ ತಿಳಿಯದ ಬಿಂದುವಿನ ಬಾಯಲ್ಲಿ ಆ ಹೆಸರನ್ನು ನನ್ನ ಮಗಳ ಕಿವಿಗೆ ಹಾಕಿಸಲು ಬಿಡುವುದಿಲ್ಲ. ಅವಳು ನಿಮ್ಮ ಪ್ರಾಯಶ್ಚಿತ್ತವಲ್ಲ. ಶನಿವಾರ ಸಂಜೆಯೊಳಗೆ ಬನ್ನಿ. ನಡೆದದ್ದನ್ನು ವಾಮದೇವಪ್ಪನ ಬಾಯಲ್ಲಲ್ಲ, ನಿಮ್ಮ ಬಾಯಲ್ಲಿ ಹೇಳಿ. ಹೇಳಿದ ಮೇಲೆ ಮಗುವನ್ನು ಎತ್ತಿಕೊಳ್ಳಿ, ನಾನು ಪಕ್ಕದಲ್ಲೇ ಕೂತಿರುತ್ತೇನೆ. ಬರದಿದ್ದರೆ ಭಾನುವಾರ ಅವ್ವ ಹೇಳಿದಂತೆ ಅಜ್ಜಿಯ ಹೆಸರು, ಉಚ್ಚಂಗಮ್ಮ. ಹಾಳೆಗಳು ನನ್ನ ಬಳಿಯೇ ಇರುತ್ತವೆ. ಪ್ರಕಾಶಕರಿಗೆ ನೀವೇ ಉತ್ತರ ಹೇಳಿಕೊಳ್ಳಿ.

ಗೇಟಿನ ಸದ್ದಾಯಿತು, ಅವ್ವ ಬಂದಳು. ಮುಗಿಸುತ್ತೇನೆ.

ದಾರಿ ನೋಡುತ್ತಿರುವ,
ನಿಮ್ಮ ತನುಶ್ರೀ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಮೇಲೆ ಬರೆಯಲಿಲ್ಲ: ಅವ್ವ ಅತ್ತ ಹೋದಾಗಲೆಲ್ಲ ಎರಡು ದಿನದಿಂದ ನಾನು ಮಗುವನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಯಾಕೆ ಎಂದು ಕೇಳಬೇಡಿ. ಅಲ್ಲಿ ಒಬ್ಬಳು ತಾಯಿ ಕರೆದೂ ಕರೆದೂ ಸುಮ್ಮನಾದಳಲ್ಲ, ಅದು ನನ್ನ ಕಿವಿಯಿಂದ ಹೋಗುತ್ತಿಲ್ಲ. ಇವತ್ತು ಬೆಳಗ್ಗೆ ಕರೆದೆ. ನಮ್ಮವಳು ತಿರುಗಿ ನೋಡಿದಳು.