ಏಳೂವರೆಯ ಬಕೆಟ್

ಬುಲವಾಯೊ, ಸೋಮವಾರ, ಅಕ್ಟೋಬರ್ ೨೨

ಆ ಸದ್ದು ಇನ್ನೂ ಕಿವಿಯಲ್ಲಿದೆ. ನೀರಿನ ಬರದಲ್ಲಿ ಚರಂಡಿ ಕಟ್ಟಿಕೊಳ್ಳಬಾರದೆಂದು ಸೋಮವಾರ, ಗುರುವಾರ ಸಂಜೆ ಏಳೂವರೆಗೆ ಊರೆಲ್ಲ ಒಟ್ಟಿಗೆ ಕಕ್ಕಸಿಗೆ ನೀರು ಹುಯ್ಯುತ್ತದೆ. ನಾನೂ ಮಗಳ ಸ್ನಾನದ ನೀರು ಹುಯ್ದೆ. ಬೀದಿಯೆಲ್ಲ ಭೋರ್ಗರೆದು ಸುಮ್ಮನಾಯಿತು. ಆಮೇಲೆ ಗೋಡೆಯಾಚೆ ಒಂದೇ ಒಂದು ಬಕೆಟ್ ಸುರಿದ ಸದ್ದು. ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದ ಮಾಡುಬೆ ಎಂಬ ಮುದುಕಿಯನ್ನು ಮಣ್ಣು ಮಾಡಿ ಹದಿನೈದು ದಿನವಾಯಿತು. ಮನೆಗೆ ಬೀಗ, ನಲ್ಲಿಯೂ ಬಂದ್.

"ಅಜ್ಜಿ ಯಾವತ್ತೂ ಲೇಟೇ ಅಲ್ವೇನಮ್ಮ?" ಎಂದಳು ಮಗಳು ನೊಮಲಾಂಗಾ.

"ಬಾಯ್ಮುಚ್ಕೊಂಡು ಊಟ ಮಾಡೇ!"

ಬೆಳಗಿನ ಕಕ್ಕಸಿಗೆಂದು ತುಂಬಿಸಿಟ್ಟಿದ್ದ ಬಕೆಟ್ ಈಗ ನೋಡಿದರೆ ಖಾಲಿ. ನೆಲ ಒಣಗಿಯೇ ಇದೆ. ಬದುಕಿದ್ದಾಗಲೂ ಮುದುಕಿ ಹೀಗೆಯೇ ಕೇಳದೆ ನೀರು ಒಯ್ಯುತ್ತಿದ್ದಳು, ನಾನು ಜಗಳ ತೆಗೆಯುತ್ತಿದ್ದೆ.

ಗುರುವಾರ ಒಂದು ಬಕೆಟ್ ನಿನ್ನ ಹೊಸ್ತಿಲಲ್ಲೇ ಇಡುತ್ತೇನೆ. ಒಳಗೆ ಮಾತ್ರ ಬರಬೇಡ, ಅಜ್ಜೀ.