ಹೊಳೆಯಾಚೆಯ ಕಾಳನಿಂದ ಬುಡನ್ ಸಾಬರಿಗೆ

ಅಣ್ಣನ ಸಮಾನರಾದ ಬುಡನ್ ಸಾಬರಿಗೆ, ಫ್ರೇಸರ್‌ಪೇಟೆಯಿಂದ ಕಾಳ ಮಾಡುವ ಸಲಾಮು.

ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಸುವುದು ಅಂತ ಶುರು ಮಾಡುವುದು ಪದ್ಧತಿ. ಕಾಫಿ ಮಂಡಿಯ ಸಾಹುಕಾರರ ಪರವಾಗಿ ನಾನು ದಿನಾ ಎಷ್ಟೋ ಕಾಗದಗಳಲ್ಲಿ ಹಾಗೇ ಬರೆಯುತ್ತೇನೆ. ನಿಮಗೆ ಬರೆಯಲು ಕೂತಾಗ ಮಾತ್ರ ಕೈ ನಿಂತಿತು. ನೀವು ಹುಣಸೂರಿನ ಖಬರಸ್ಥಾನದಲ್ಲಿ ಮಲಗಿದ್ದೀರಿ. ನಾನೋ, ನಮ್ಮೂರಿನವರ ಪಾಲಿಗೆ ನಿಮಗಿಂತ ಎಷ್ಟೋ ಮುಂಚೆಯೇ ಸತ್ತವನು. ಸತ್ತವನು ಸತ್ತವರಿಗೆ ಬರೆಯುವಾಗ ಎಂಥ ಕ್ಷೇಮ, ಎಂಥ ಸಮಾಚಾರ? ನೀವಿದ್ದಿದ್ದರೆ, ವಿಷಯಕ್ಕೆ ಬಾರ್ಲಾ ಕಾಳ, ಕತೆ ಕಟ್ಬ್ಯಾಡ ಅಂತ ಗದರುತ್ತಿದ್ದಿರಿ. ಬರುತ್ತೇನೆ ಇರಿ.

ನೀವು ಹೋದ ಸುದ್ದಿ ನನಗೆ ಗೊತ್ತಾದದ್ದು ಒಬ್ಬ ಗಾಡಿಯವನಿಂದ. ಎತ್ತುಗಳಿಗೆ ಲಾಳ ಕಟ್ಟುವ ನಿಮ್ಮ ತಿಂಗಳ ಸುತ್ತಿನಲ್ಲಿ ಎರಡು ಸಲ ನೀವು ಬರಲಿಲ್ಲ. ಸಂತೆಯ ದಿನ ಸೇತುವೆಯ ಈ ಕೊನೆಯ ಮೋಟುಗೋಡೆಯ ಮೇಲೆ ಮಾಮೂಲಿನ ಹಾಗೆ ಕೂತು, ಆಚೆ ದಡದ ಕೊಪ್ಪದ ಕಡೆಯೇ ನೋಡಿ ನೋಡಿ, ಕತ್ತು ನೋವು ಬಂದು ಎದ್ದು ಹೋದೆ. ಮುದುಕನಿಗೆ ಸೋಮಾರಿತನ ಹತ್ತಿತು ಅಂತ ಬೈದುಕೊಂಡೆ ಕೂಡ. ಮುಂದಿನ ಸಲ ಆ ಕಡೆಯಿಂದ ಬಂದ ಗಾಡಿಯೊಂದರ ಎತ್ತುಗಳ ಕಾಲಲ್ಲಿ ಹೊಸ ಲಾಳ ಕಂಡಿತು. ಬಂದರಲ್ಲ ಅಂತ ಎದ್ದು ನಿಂತೆ. ಗಾಡಿಯವನನ್ನು ಕೇಳಿದರೆ ಅವನು ಎತ್ತುಗಳನ್ನು ನಿಲ್ಲಿಸಲೂ ಇಲ್ಲ. "ಬುಡನ್ ಸಾಬ್ರಾ? ಅವ್ರು ಓಗ್ಬುಟ್ರಲ್ಲ ಕಣಣ್ಣ, ಎದೆನೋವು ಬಂದು. ಇದು ಬ್ಯಾರೆಯವ್ರು ಕಟ್ಟಿದ್ದು" ಅಂದು ಹೊರಟೇಹೋದ. ನಾನು ಅಲ್ಲೇ ಕೂತೆ. ಜನ ಹೋಗುತ್ತಿದ್ದರು, ಬರುತ್ತಿದ್ದರು. ಅಳುವುದಕ್ಕೂ ಸಂಕೋಚವಾಯಿತು, ಯಾಕೆ ಅಳುತ್ತೀ ಅಂತ ಯಾರಾದರೂ ಕೇಳಿದರೆ ಎಲ್ಲಿಂದ ಹೇಳಲಿ?

ಚಿಕ್ಕಂದಿನಲ್ಲಿ ನೀವು ನಮ್ಮ ಜಗಲಿಯಲ್ಲಿ ಚೀಲ ಇಳಿಸುತ್ತಿದ್ದದ್ದು ನೆನಪಿದೆ. ಹುಣಸೂರು ಬಿಟ್ಟು ಪಿರಿಯಾಪಟ್ಟಣ, ರಾವಂದೂರು, ಕೊಪ್ಪ ಅಂತ ತಿಂಗಳಿಗೊಂದು ಸುತ್ತು. ದಾರಿಯುದ್ದಕ್ಕೂ ಎತ್ತುಗಳಿಗೆ ಲಾಳ ಕಟ್ಟುವುದು. ರಾವಂದೂರಿನ ಪಕ್ಕದ ನಮ್ಮೂರಿಗೆ ಬಂದರೆ ಮೊದಲು ನಮ್ಮ ಮನೆ. ಹಗ್ಗ ಹಾಕಿ ಎತ್ತನ್ನು ಕೆಡವಿ, ತುಟಿಯಲ್ಲಿ ಮೊಳೆ ಕಚ್ಚಿಕೊಂಡು, ಆ ಮೊಳೆಗಳ ಸಂದಿಯಿಂದಲೇ ನಮ್ಮವ್ವನ ಜೊತೆ ಜಗಳ. ಹಸಿ ಮುಳ್ಳಲ್ಲಿ ಎತ್ತು ಬಿಟ್ಟಿದ್ದೀಯಾ, ಗೊರಸು ನೋಡು ಅಂತ ನೀವು. ಲಾಳ ಸರಿಯಾಗಿ ಕಟ್ಟಿದ್ದರೆ ಯಾವ ಮುಳ್ಳು ಏನು ಮಾಡುತ್ತಿತ್ತು ಅಂತ ಅವಳು. ಜಗಳ ಮುಗಿದ ಮೇಲೆ ಅವಳು ನಿಮಗೆ ಮಜ್ಜಿಗೆ ಕೊಡುವಳು, ನೀವು ಲೋಟ ಎತ್ತಿ ಕುಡಿಯುವಿರಿ. ಅಲ್ಲೇ ಇದ್ದುಬಿಡಬೇಕಾಗಿತ್ತು ನಾನು.

ಕೊಪ್ಪದ ಆ ಬೆಳಿಗ್ಗೆಯನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಕೊಡಗಿನ ತೋಟದಿಂದ, ಬಿಟ್ಟು ಬಿಟ್ಟು ಬರುವ ಜ್ವರದಿಂದ ಬಡಕಲಾಗಿ, ಆದರೂ ಊರಿಗೆ ಹೊರಟೆನೆಂಬ ಗೆಲುವಿನಲ್ಲಿ ಸೇತುವೆ ದಾಟಿ ಬಂದೆ. ಮೈಸೂರು ಮಹಾರಾಜರ ಸೀಮೆಯ ಮಣ್ಣು ಕಾಲಿಗೆ ತಗುಲಿದ್ದೇ ತಡ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ, ಹುಚ್ಚನ ಹಾಗೆ. ಮರದ ಕೆಳಗೆ ನೀವು ಎತ್ತಿನ ಕಾಲು ಹಿಡಿದು ಕೂತಿದ್ದಿರಿ. ಸಾಬ್ರೇ ಅಂದೆ. ತಲೆ ಎತ್ತಿದವರು ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಉಗುಳಿ, ನನ್ನ ಕಾಲು ನೋಡಿದಿರಿ. ಮುಖವಲ್ಲ, ಕಾಲು. ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತದಲ್ಲ! ಆಮೇಲೆ ಮೆಲ್ಲಗೆ, "ಲೇ ಕಾಳ, ನಿನ್ ತಿಥಿ ಊಟ ಮಾಡ್ಬುಟ್ಟು ಬಂದಿವ್ನಿ ಕಣ್ಲಾ" ಅಂದಿರಿ.

ಅದು ಆದದ್ದು ಹೇಗೆಂದು ಕೂತು ಬಿಡಿಸಿದ್ದೇ ನಾವಿಬ್ಬರು. ಕಾಫಿ ಹಣ್ಣಿನ ಹಂಗಾಮಿಗೆ ನಮ್ಮ ಕಡೆಯ ಜನ ಕೊಡಗಿಗೆ ಹೋಗುವುದು, ಯುಗಾದಿಗೆ ತಿರುಗಿ ಬರುವುದು ಹೊಸದೇನಲ್ಲ. ಆ ವರ್ಷ ತೋಟದ ಲೆಕ್ಕ ಬರೆಯುವ ರೈಟರಿಗೆ ಅಕ್ಷರ ಬಲ್ಲವನೊಬ್ಬ ಬೇಕಾಗಿ ನಾನು ಮಳೆಗಾಲಕ್ಕೂ ನಿಂತೆ. ಕೂಲಿಗಳ ಬಿಡಾರದ ಲೈನಿನ ತುಂಬ ಚಳಿಜ್ವರ. ನಮ್ಮ ನೆರೆಯ ಕೋಟೆ ತಾಲ್ಲೂಕಿನ ಮುದುಕನೊಬ್ಬ ನನ್ನ ಪಕ್ಕದಲ್ಲಿ ಹಲ್ಲು ಕಡಿಯುತ್ತ ಮಲಗಿದ್ದ. ನನ್ನ ಕಂಬಳಿಯನ್ನು ಅವನ ಮೇಲೆ ಹೊದಿಸಿದೆ. ಮಾರನೆಯ ದಿನ ನನಗೇ ಜ್ವರ ಏರಿ ಎಚ್ಚರ ತಪ್ಪಿತು, ದೂರದ ಆಸ್ಪತ್ರೆಗೆ ಸಾಗಿಸಿದರು. ಇತ್ತ ಮುದುಕ ಸತ್ತ. ಮಣ್ಣು ಮಾಡಿದವರು ಕಂಬಳಿಯನ್ನು ಹೊಸ ಮೇಸ್ತ್ರಿಯ ಕೈಗೆ ಕೊಟ್ಟರು. ಅವನಿಗೆ ನಮ್ಮ ಮುಖಗಳ ಗುರುತಿಲ್ಲ. ಅಂಚಿನ ಕೆಂಪು ದಾರ ನೋಡಿ, ಇದು ರಾವಂದೂರು ಕಡೆಯ ಕಾಳನದು ಅಂತ ಯಾರೋ ಹೇಳಿದರು, ಅವನು ತಂದು ನಮ್ಮ ಮನೆಗೆ ಮುಟ್ಟಿಸಿದ. ನಮ್ಮಲ್ಲಿ ಒಬ್ಬನ ಕಂಬಳಿಯನ್ನು ಇನ್ನೊಬ್ಬ ಹೊದೆಯುವುದುಂಟೇ? ಗಂಡಸಿನ ಕಂಬಳಿ ಗಂಡಸಿಲ್ಲದೆ ಮನೆಗೆ ಬಂದರೆ ಅರ್ಥ ಒಂದೇ. ಆ ದಾರ ಹಾಕಿದವಳೇ ನಮ್ಮವ್ವ. ಅವಳು ಬೇರೆ ಸಾಕ್ಷಿ ಏನು ಕೇಳಿಯಾಳು? ನಾನಾದರೂ ಒಂದು ಕಾರ್ಡು ಹಾಕಬಹುದಿತ್ತು. ಮನೆಯಲ್ಲಿ ಓದುವವರಿಲ್ಲ, ಚೇತರಿಸಿಕೊಂಡು ಅಲ್ಲೇ ಬೇರೆ ತೋಟದಲ್ಲಿ ಇನ್ನೆರಡು ಹಂಗಾಮು ದುಡಿದು ನಾನೇ ಹೋಗಿ ಬಾಗಿಲಲ್ಲಿ ನಿಂತರಾಯಿತು ಅಂದುಕೊಂಡೆ.

ತಿಥಿಯ ಮಾತಿಗೆ ನಾನು ನಕ್ಕಿದ್ದೆ, ಜ್ಞಾಪಕವಿದೆಯೇ? ಇನ್ನೊಂದು ಸಲ ಊಟ ಹಾಕಿಸಿದರಾಯಿತು, ಬದುಕಿ ಬಂದೆ ಅಂತ. ನೀವು ನಗಲಿಲ್ಲ. ಸುತ್ತಿಗೆಯ ಹಿಡಿಯನ್ನು ತಿಕ್ಕುತ್ತ ಕೂತು, ಕೊನೆಗೆ "ನಿಂಗಿಗೆ ಸೀರುಡಿಕೆ ಆಯ್ತು ಕಣ್ಲಾ. ಕೋಟೆ ತಾವಿನ ಗಂಡು. ಒಳ್ಳೆಯವ್ನು. ಸೊಂಟದಾಗೆ ಕೂಸೈತೆ" ಅಂದಿರಿ. ನನ್ನ ಹೆಂಡತಿ ನಿಂಗಿ. ಗಂಡ ಸತ್ತವಳಿಗೆ ಇನ್ನೊಬ್ಬನ ಸೀರೆ ಉಡಿಸಿ ಕಳಿಸುವುದು ನಮ್ಮ ಜನದಲ್ಲಿ ಉಂಟು. ಗಂಡ ಬದುಕಿರುವಾಗ ಉಡಿಸಿದರೆ ಅದು ಹಾದರ. ನಾನು ಊರಿಗೆ ಕಾಲಿಟ್ಟ ದಿನವೇ ಕುಲದ ಯಜಮಾನರು ಕೂರುತ್ತಾರೆ, ಅವಳನ್ನು ಆ ಮನೆಯಿಂದ ಎಬ್ಬಿಸುತ್ತಾರೆ, ಆ ಕೂಸು ಯಾವ ಕುಲಕ್ಕೂ ಸೇರದೆ ಬೀದಿಗೆ ಬೀಳುತ್ತದೆ. ಅವಳು ಮಾಡಿದ ತಪ್ಪಾದರೂ ಏನು? ನನಗಾಗಿ ಅತ್ತಳು, ಬಳೆ ಒಡೆಸಿಕೊಂಡಳು, ಹಿರಿಯರು ಹೇಳಿದಲ್ಲಿಗೆ ಹೋದಳು.

ಅವತ್ತು ಅಲ್ಲಿಂದಲೇ ತಿರುಗಿದೆ. ಸೇತುವೆಯ ತನಕ ನೀವು ಜೊತೆಗೆ ಬಂದಿರಿ. ಅವ್ವನಿಗೆ ಒಬ್ಬಳಿಗಾದರೂ ಹೇಳುತ್ತೇನೆ ಅಂತ ಗೋಗರೆದಿರಿ. ಬೇಡವೇ ಬೇಡ ಅಂದೆ. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಬಾವಿಕಟ್ಟೆಯಲ್ಲಿ ಕೂತು ಅತ್ತರೆ ಸಾಕು, ಸಂಜೆಗೆ ಕೋಟೆ ಮುಟ್ಟುತ್ತದೆ ಅಂದೆ. ನೀವು ಖುದಾನ ಆಣೆ ಹಾಕಿದಿರಿ. ನಾನು ನಂಬಿದೆ.

ಆಮೇಲಿನ ವರ್ಷಗಳಲ್ಲಿ ನನಗೆ ಊರು ಅಂತ ಉಳಿದದ್ದು ನೀವೇ. ಅದಕ್ಕೇ ಒಳಗಿನ ತೋಟ ಬಿಟ್ಟು ಈ ಫ್ರೇಸರ್‌ಪೇಟೆಯ ಮಂಡಿಗೆ ಸೇರಿಕೊಂಡೆ. ಹೊಳೆಯ ಆ ದಡ ಮೈಸೂರು, ಈ ದಡ ಕೊಡಗು. ಆಚೆ ಯಾರಾದರೂ ಎಮ್ಮೆಯನ್ನು ಕೂಗಿ ಕರೆದರೆ ಇಲ್ಲಿಗೆ ಕೇಳುತ್ತದೆ, ನಮ್ಮ ಮಾತಿನಲ್ಲೇ ಬೈಯುತ್ತಾರೆ, ಅದನ್ನು ಕೇಳಲು ಸಾಯಂಕಾಲ ಹೊಳೆದಂಡೆಗೆ ಹೋಗುತ್ತಿದ್ದೆ. ದಾಟುವಂತಿಲ್ಲ. ಕೊಪ್ಪದಿಂದ ಹುಣಸೂರಿನ ತನಕ ಯಾವ ಸಂತೆಯಲ್ಲಿ ನಮ್ಮ ನೆಂಟರಿಲ್ಲ ಹೇಳಿ? ನೀವು ಕೆಲಸ ಮುಗಿಸಿ ಈಚೆಗೆ ಬರುತ್ತಿದ್ದಿರಿ. ಈ ಸಲ ರಾಗಿ ಹೇಗಿದೆ, ಕೆರೆಗೆ ನೀರು ಬಂತೇ, ನನ್ನ ತಮ್ಮ ಹೊಸ ಎತ್ತು ತಂದನೇ, ಅವ್ವನ ಮಂಡಿನೋವು ಹೇಗಿದೆ ಅಂತ ನಾನು ಕೇಳುವುದು. ನಾನು ಗೊರಸು ನೋಡಕ್ಕೆ ಓಗೋನು, ಜಮಾಬಂದಿ ಲೆಕ್ಕ ಬರೆಯಕ್ಕಲ್ಲ ಅಂತ ನೀವು ಸಿಡುಕುವುದು. ಸಿಡುಕಿ ಎಲ್ಲವನ್ನೂ ಹೇಳುವುದು. ಹೋಗುವಾಗ ಹುಚ್ಚೆಳ್ಳು ಚಟ್ನಿಪುಡಿಯ ಪೊಟ್ಟಣವೊಂದನ್ನು ಕೈಗೆ ತುರುಕಿ, ನಮ್ಮನೆಯವಳು ಬೂಬಮ್ಮ ಮಾಡಿದ್ದು, ತಿನ್ನು ಅನ್ನುತ್ತಿದ್ದಿರಿ. ಎಂಥ ದಡ್ಡ ನಾನು! ಹುಣಸೂರಿನ ಸಾಬರ ಮನೆಯಲ್ಲೂ ನಮ್ಮವ್ವನ ಹಾಗೇ ಬೆಳ್ಳುಳ್ಳಿ ಸುಟ್ಟು ಹಾಕುತ್ತಾರಲ್ಲ ಅಂತ ಸಂತೋಷಪಟ್ಟೆನೇ ಹೊರತು ಬೇರೆ ಏನೂ ಹೊಳೆಯಲಿಲ್ಲ.

ನೀವು ಹೋದಿರೆಂದು ತಿಳಿದ ಮೇಲೆ ಹೆದರಿಕೆ ಇದ್ದರೂ ಹೊಳೆ ದಾಟದೆ ಇರಲಾಗಲಿಲ್ಲ. ತಲೆಗೆ ಮಫ್ಲರು ಸುತ್ತಿ, ಇದ್ದಿಲು ಉರಿಸಿ ಓಡಿಸುವ ಬಸ್ಸಿನ ಹಿಂದಿನ ಸೀಟಿನಲ್ಲಿ ಮುಖ ತಗ್ಗಿಸಿ ಕೂತು ಹುಣಸೂರಿಗೆ ಹೋದೆ. ನಿಮ್ಮ ಗೋರಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬರೋಣ ಅಂತ. ಮನೆಯ ಜಗಲಿಯಲ್ಲಿ ಬೂಬಮ್ಮನ ಅಣ್ಣ ಕೂರಿಸಿದರು. ಬೂಬಮ್ಮ ಪರದೆಯ ಹಿಂದಿನಿಂದಲೇ ಮಾತಾಡಿದರು. ಚಟ್ನಿಪುಡಿಯ ಋಣ ಮರೆಯಲಾರೆ ತಾಯಿ ಅಂದೆ.  "ಅದು ನಂದಲ್ಲಪ್ಪಾ. ನಿಮ್ಮವ್ವನದು. ಅವ್ರಿಗೆ ಮೊದಲ್ನೇ ತಿಂಗಳಿಂದಾನೇ ಎಲ್ಲಾ ಗೊತ್ತಿತ್ತು" ಅಂದರು.

ಬುಡನ್ ಸಾಬರೇ, ಖುದಾನ ಆಣೆ ಹಾಕಿ ನನಗೆ ಮೋಸ ಮಾಡಿದಿರಲ್ಲ. ಅಷ್ಟು ವರ್ಷ ನನ್ನ ಎದುರು ಕೂತು ಒಂದು ಸಲವೂ ಬಾಯಿ ಬಿಡಲಿಲ್ಲವಲ್ಲ. ಸಿಟ್ಟು ಬಂತು, ನಿಮ್ಮ ಜಗಲಿಯಲ್ಲೇ ಕೂತು ನಿಮ್ಮನ್ನು ಬೈದೆ. ಬೂಬಮ್ಮ ಬೈಯಲು ಬಿಟ್ಟರು. ನಿಮಗೆ ಮಣ್ಣಾದ ಮೇಲೆ ಅವ್ವ ಒಬ್ಬಳೇ ನಡೆದುಕೊಂಡು ಹುಣಸೂರಿಗೆ ಬಂದಿದ್ದಳಂತೆ, ಆ ಮಂಡಿನೋವಿನಲ್ಲಿ. ಹೇಳದಿದ್ದರೆ ಆ ಮುದುಕಿ ಆ ವರ್ಷವೇ ಸಾಯುತ್ತಿದ್ದಳು, ಅದಕ್ಕೇ ಆಣೆ ಮುರಿದೆ ಅಂತ ನೀವು ಮನೆಯಲ್ಲಿ ಹೇಳಿದ್ದಿರಂತೆ. ಬಾಯಲ್ಲಿ ಗುಟ್ಟು ನಿಲ್ಲದವಳು ಅಂತ ನಾನು ಅಂದುಕೊಂಡವಳು ತಮ್ಮನಿಗೂ ಹೇಳಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಜೊತೆ ನನ್ನ ಹೆಸರಿನಲ್ಲೂ ಎಲೆ ಹಾಕಿ, ಪಂಚೆ ಇಟ್ಟು, ಕಜ್ಜಾಯ ಬಡಿಸಿ, ನೆರೆಹೊರೆಯವರ ಎದುರು ಅತ್ತಿದ್ದಾಳೆ, ವರ್ಷ ವರ್ಷವೂ. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯಸ್ಸು ಕಡಿಯುತ್ತದೆ ಅಂತ ನಂಬಿದ ಹೆಂಗಸು ಅವಳು. 

ಕಾಳನಿಗೆ ಮುಟ್ಟಿಸಿ ಅಂತ ಅವ್ವ ಒಂದು ಮಾತನ್ನು ಬೂಬಮ್ಮನ ಹತ್ತಿರ ಬಿಟ್ಟು ಹೋಗಿದ್ದಳು. ಬೂಬಮ್ಮ ಅದನ್ನು ಅವಳ ಬಾಯಲ್ಲಿ ಬಂದ ಹಾಗೇ ಹೇಳಿದರು. "ಎಡೆ ಇಕ್ದೇ ಓದ್ರೆ ಜನ ಕೇಳ್ತಾರೆ, ನಿಂಗಿ ಬಾಳು ಓಯ್ತದೆ. ಅವ್ನು ಬರೋದ್ ಬ್ಯಾಡ ಕಣವ್ವ. ನಾನ್ ಸತ್ರೂ ಬರೋದ್ ಬ್ಯಾಡ ಅನ್ನು."

ವಾಪಸು ಬರುವಾಗ ಪಿರಿಯಾಪಟ್ಟಣದಲ್ಲಿ ಬಸ್ಸಿಗೆ ಇದ್ದಿಲು ತುಂಬಲು ನಿಲ್ಲಿಸಿದರು. ರಾವಂದೂರಿನ ರಸ್ತೆ ಅಲ್ಲೇ ಕಾಣುತ್ತಿತ್ತು. ಹೊಗೆಸೊಪ್ಪಿನ ಮೂಟೆ ಹೇರಿದ ಗಾಡಿಯೊಂದು ಆ ಕಡೆಗೆ ಹೊರಟಿತ್ತು, ಹತ್ತಿಕೋ ಅಂದರೆ ಬೇಡ ಅನ್ನುವವರಿರಲಿಲ್ಲ. ಇಳಿದೆ. ಒಂದಷ್ಟು ದೂರ ಅದರ ಹಿಂದೆ ನಡೆದೆನೋ ಏನೋ, ನೆನಪಿಲ್ಲ. ಕಂಡಕ್ಟರ್ ಕೂಗಿದಾಗ ತಿರುಗಿ ಬಂದು ಹತ್ತಿದೆ. ಬರಬೇಡ ಅಂದವಳು ಅವ್ವ. ಬೇರೆ ಯಾರು ಅಂದಿದ್ದರೂ ನಾನು ಕೇಳುತ್ತಿರಲಿಲ್ಲ.

ಈಗ ನೀವು ಕೇಳದ ಸಮಾಚಾರ ಇಷ್ಟು. ನಿಮ್ಮ ಸುತ್ತಿಗೆ, ಹಗ್ಗ ಎಲ್ಲ ಬೇರೆಯವರ ಪಾಲಾದವು. ಬೂಬಮ್ಮನನ್ನು ಅವರ ಅಣ್ಣ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಾರೆ. ಹೊಸದಾಗಿ ಸುತ್ತು ಬರುವವನಿಗೆ ನಾನು ಯಾರೋ ಮಂಡಿಯ ಗುಮಾಸ್ತ. ಅಲ್ಲಿಗೆ, ನಾನು ಬದುಕಿದ್ದೇನೆಂದು ಬಲ್ಲವರು ಆ ಕಡೆ ಅವ್ವ ಒಬ್ಬಳೇ ಉಳಿದಳು. ನಾಳೆ ಅವಳು ಹೋದರೆ, ಹೋದಳು ಅಂತ ನನಗೆ ಬಂದು ಹೇಳುವವರು ಯಾರು ಸಾಬರೇ?

ಅಮಾವಾಸ್ಯೆ ಹತ್ತಿರ ಬಂತು. ಅಲ್ಲಿ ಅವ್ವ ನನ್ನ ಹೆಸರಿನ ಎಲೆಗೆ ಬಡಿಸುತ್ತಾಳೆ. ಇಲ್ಲಿ ನಾನು ನಿಮಗೊಂದು ಎಲೆ ಹಾಕುತ್ತೇನೆ. ಸಾಬರಿಗೆ ಎಂಥ ಎಡೆ ಅಂತ ಬೈಯಬೇಡಿ, ಬಂದು ಉಣ್ಣಿ. ಅವ್ವನಿಗೆ ಮಾತ್ರ ನಾನು ಯಾವ ವರ್ಷವೂ ಎಡೆ ಇಡುವುದಿಲ್ಲ. ನನಗೆ ನೂರು ವರ್ಷ ತುಂಬಿದರೂ ಇಡುವುದಿಲ್ಲ. ಸತ್ತಳೆಂದು ಹೇಳುವವರಿಲ್ಲದ ಮೇಲೆ ಅವಳು ಇದ್ದಾಳೆ.

ಇತಿ,
ಕಾಳ