ಕಬ್ಬಿಣ ಹತ್ತು ಹೆಜ್ಜೆ ದೂರ

ಸೆಪ್ಟೆಂಬರ್ 3, 1874

ನಾಲ್ಕು ಮೈಲಿ. ಅಳತೆಯ ಸರಪಳಿ ಎಳೆದೆಳೆದು ಅಂಗೈ ಸುಲಿದಿದೆ. ಎಡಕ್ಕೊಂದು ಪ್ರಾಂತ್ಯ, ಬಲಕ್ಕೊಂದು. ಎರಡೂ ಕಡೆ ಅದೇ ಪೊದೆ, ಅದೇ ಮೊಲ. ಗಡಿ ಏಕೆ ಇಷ್ಟು ನೇರ ಎಂದು ಅಡುಗೆಯ ಡಫ್‌ನನ್ನು ಕೇಳಿದೆ.

"ವಾಷಿಂಗ್ಟನ್ನಿನ ದೊಡ್ಡೋರ ಹತ್ರ ರೂಲರ್ ಇತ್ತು ಕಣೋ. ಈ ಕಡೆ ಮ್ಯಾಪ್ ಇರ್ಲಿಲ್ಲ."

ಹೊಳೆ ಎಲ್ಲಿ, ಗುಡ್ಡ ಎಲ್ಲಿ ತಿಳಿಯದವರು ಖಾಲಿ ಕಾಗದದ ಮೇಲೆ ಗೆರೆ ಎಳೆದು ಊಟಕ್ಕೆ ಎದ್ದರು. ನಾವು ಅದನ್ನು ನೆಲದ ಮೇಲೆ ಹುಡುಕುತ್ತಿದ್ದೇವೆ.

ಸೆಪ್ಟೆಂಬರ್ 4

ದಿಕ್ಸೂಚಿ ಇಟ್ಟೊಡನೆ ಸರ್ವೇ ಮುಖ್ಯಸ್ಥ ಪೆಲ್ಹಾಮ್ ಸಾಹೇಬನ ಆರ್ಭಟ — ಕಬ್ಬಿಣ ಹತ್ತು ಹೆಜ್ಜೆ ದೂರ! ಕಬ್ಬಿಣ ಹತ್ತಿರವಿದ್ದರೆ ಸೂಜಿ ವಾಲಿ ಗೆರೆ ತಪ್ಪುತ್ತದಂತೆ. ಕೊಡಲಿ, ಚಾಕು, ಬೆಲ್ಟು, ಎಲ್ಲ ಕಳಚಬೇಕು. ಪ್ಯಾಂಟು ಹಿಡಿದುಕೊಂಡು ನಿಲ್ಲುತ್ತೇವೆ. ಸೌಟು ಹಿಡಿದು ಬಂದ ಡಫ್‌ಗೆ ಕಾಲು ಗಂಟೆ ಬೈಗುಳ.

ಸೆಪ್ಟೆಂಬರ್ 6, ಭಾನುವಾರ

ಒಗೆಯುವ ಪಾಳಿ ನನ್ನದು. ಸಾಹೇಬನ ಗಂಟಿನಲ್ಲಿ ಒಂದು ಸೊಂಟಪಟ್ಟಿ, ಹೆಂಗಸರ ಕಾರ್ಸೆಟ್ಟಿನಂಥದ್ದು. ಹೊಟ್ಟೆ ಒಳತಳ್ಳುವುದಕ್ಕೆ. ಹದಿನಾರು ಕಡ್ಡಿ... ಎಲ್ಲ ಉಕ್ಕು. ಇದನ್ನು ಕೋಟಿನೊಳಗೆ ಬಿಗಿದುಕೊಂಡೇ ಮಹಾಶಯ ದಿನವೂ ಸೂಜಿಯ ಮೇಲೆ ಬಗ್ಗುತ್ತಾನೆ.

ಒಗೆದೆ. ಒಣಗಿಸಿದೆ. ಮಡಿಸಿಟ್ಟೆ. ಹೇಳಲಿಲ್ಲ. ನಾನು ಯಾರಿಗೂ ಏನನ್ನೂ ಹೇಳಿದವನಲ್ಲ.

ಸೆಪ್ಟೆಂಬರ್ 11

ಗೆರೆ ವಿಧವೆ ಥರ್ಜಾಳ ಜಮೀನಿಗೆ ಬಂತು. ಅವಳ ಪಟ್ಟಾ ಪೂರ್ವದ ಪ್ರಾಂತ್ಯದ್ದು. ನೀರಿನ ಊಟೆ ನಲವತ್ತು ಹೆಜ್ಜೆಯಷ್ಟು ಪಶ್ಚಿಮಕ್ಕೆ ಬಿತ್ತು. ಅಲ್ಲಿನ ದನದ ಕಂಪನಿ ಎರಡು ವರ್ಷದಿಂದ ಅದಕ್ಕೇ ಕಾಯುತ್ತಿದೆ. ಊಟೆ ಇಲ್ಲದಿದ್ದರೆ ಅವಳ ಜೋಳವಿಲ್ಲ, ಹಸುವಿಲ್ಲ, ಅವಳೂ ಇಲ್ಲ.

ನಮಗೆ ಮಜ್ಜಿಗೆ ಕೊಟ್ಟಳು. ನನಗೆ ಎರಡು ಲೋಟ. ಆಮೇಲೆ ಸಾಹೇಬನನ್ನು ಕೇಳಿದಳು, "ನಿನ್ನೆ ಗಂಟ ನನ್ನ ನೀರಾಗಿತ್ತು. ಅದೇ ಎದ್ದು ಆ ಕಡೆ ನಡೀತೇನಪ್ಪ?"

"ಗೆರೆ ಯಾರ ಮುಖಾನೂ ನೋಡಲ್ಲಮ್ಮ."

ಮುಖ ನೋಡುವುದಿಲ್ಲ. ಸಾಹೇಬನ ಹೊಟ್ಟೆ ನೋಡುತ್ತದೆ.

ಮಜ್ಜಿಗೆ ಕುಡಿದು ಸುಮ್ಮನಿದ್ದೆ. ಸಾಹೇಬನಿಗಿಂತ ನಾನೇನು ಮೇಲು?

ಸೆಪ್ಟೆಂಬರ್ 13, ಭಾನುವಾರ

ನಾಳೆ ಗಡಿಕಲ್ಲು ನೆಡುತ್ತಾರೆ. ಪಟ್ಟಿಯನ್ನು ಬೇಕೆಂದೇ ಸಂಜೆ ಒಗೆದೆ. ಬೆಳಿಗ್ಗೆಗೆ ಒಣಗಬಾರದು.

ಸೆಪ್ಟೆಂಬರ್ 14, ಬೆಳಿಗ್ಗೆ

ಸಾಹೇಬ ಸಡಿಲ ಹೊಟ್ಟೆಯಲ್ಲಿ ಬಂದ. ದಿಕ್ಸೂಚಿ ಇಟ್ಟ. ಆರ್ಭಟಿಸಿದ. ನಾವು ಪ್ಯಾಂಟು ಹಿಡಿದುಕೊಂಡೆವು. ನಾನು ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಒದ್ದೆ ಪಟ್ಟಿ ಹಿಡಿದು ಹೋಗಿ, ದಿಕ್ಸೂಚಿಯ ಪಕ್ಕ ತೂಗುಹಾಕಿದೆ. ಸೂಜಿ ವಾಲಿತು. ತೆಗೆದೆ. ಮರಳಿತು. ಮತ್ತೆ ಹಾಕಿದೆ.

ಎಲ್ಲರೂ ನೋಡಿದರು. ಥರ್ಜಾ ಕೂಡ. ಡಫ್ ಕೇಳಿದ, "ನನ್ ಸೌಟಿಗೆ ಅಷ್ಟು ಬೈದ್ರಲ್ಲ ಸಾಹೇಬ್ರೇ, ಇದ್ಯಾರ ಮನೇದು?"

ಸಾಹೇಬ ಪಟ್ಟಿ ಕಿತ್ತುಕೊಂಡ. ನಲವತ್ತು ಹೆಜ್ಜೆ ಮ್ಯಾಪಿನಲ್ಲಿ ಕಾಣುವುದೇ ಇಲ್ಲವಂತೆ. ಅಲ್ಲಿ ನೇರ ಇದ್ದರೆ ಸಾಕಂತೆ. ಹಿಂದೆ ಹೋಗಿ ಮತ್ತೆ ಅಳೆಯಲು ಹತ್ತು ದಿನ ಬೇಕು, ಹಿಮ ಬರುತ್ತದಂತೆ.

"ಕಲ್ಲು ಇಳಿಸ್ರೋ."

ಇಳಿಸಿದರು. ಕೂಲಿಯವರು, ಪಾಪ.

ಅದೇ ದಿನ, ಮಧ್ಯಾಹ್ನ

ಗೆರೆ ಸರಿಯಿದೆ ಎಂದು ಸರಪಳಿ ಎಳೆಯುವ ನಾವಿಬ್ಬರೂ ಪ್ರಮಾಣ ಮಾಡಿ ಸಹಿ ಹಾಕಬೇಕು. ಒಂದು ಸಹಿ ಇಲ್ಲದಿದ್ದರೂ ಕಲ್ಲಿಗೆ ಬೆಲೆಯಿಲ್ಲ. ನನ್ನ ಜೊತೆಯವನು ಹಾಕಿಯಾಯಿತು. ಸಾಹೇಬ ಗುಡಾರದಿಂದ ಕೂಗುತ್ತಿದ್ದಾನೆ, ಎರಡನೇ ಸಲ. ಪಟ್ಟಿ ಮತ್ತೆ ಬಿಗಿದುಕೊಂಡಿರಬೇಕು, ದನಿ ಕಿರಿದಾಗಿದೆ. ಥರ್ಜಾ ಊಟೆಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಾಳೆ, ತುಂಬಿಸುತ್ತಿಲ್ಲ. ಈ ಸಲ ತೂಗುಹಾಕಲು ಕೈಯಲ್ಲಿ ಏನೂ ಇಲ್ಲ. ಬಾಯಿ ಬಿಟ್ಟೇ ಹೇಳಬೇಕು. ಒಂದೇ ಪದ. ಎದ್ದೆ —